ವೈನ್ ಹಾಕಲು ಹೋದರೆ ಪ್ಯಾಕೇಜುಗಳ ಜಗಳ: ಬಿಡಿಸುವುದು ಹೇಗೆ?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ ಉಬುಂಟು 22.04 (ಲಿನಕ್ಸ್) ಇದೆ. ಮನೆಯಿಂದಲೇ ವೆಬ್‌ಸೈಟ್ ಕೆಲಸ ಮಾಡುತ್ತೇನೆ. ಪಿಎಚ್‌ಪಿ 8.2 ಬೇಕಿತ್ತು ಅಂತ ಉಬುಂಟುವಿನ ಹೊರಗಿನ ಪ್ಯಾಕೇಜು ಮೂಲ, ಅಂದರೆ ಒಂದು ಪಿಪಿಎ ಸೇರಿಸಿಕೊಂಡೆ, ಒಂದು ವರ್ಷದಿಂದ ಚೆನ್ನಾಗಿ ನಡೆಯುತ್ತಿದೆ. ಈಗ ಅಪ್ಪ ಮೇಷ್ಟ್ರಾಗಿದ್ದಾಗ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದ ಪಾಠದ ಟಿಪ್ಪಣಿಗಳ ಹಳೇ ಸಿಡಿ ಸಿಕ್ಕಿದೆ. ಅದರಲ್ಲಿರುವ ಸಾಫ್ಟ್‌ವೇರ್ ಓಡಿಸೋಣ ಅಂತ, ಲಿನಕ್ಸ್‌ನಲ್ಲಿ ವಿಂಡೋಸ್ ಪ್ರೋಗ್ರಾಮ್ ಓಡಿಸುವ ವೈನ್ ಹಾಕಲು ಹೋದರೆ ‘ಅನ್‌ಮೆಟ್ ಡಿಪೆಂಡೆನ್ಸೀಸ್’ (ಬೇಕಾದ ಬೇರೆ ಪ್ಯಾಕೇಜುಗಳು ಸಿಗುತ್ತಿಲ್ಲ) ಅಂತ ಪಟ್ಟಿ ಬಂದು, ಕೊನೆಗೆ ‘ಯು ಹ್ಯಾವ್ ಹೆಲ್ಡ್ ಬ್ರೋಕನ್ ಪ್ಯಾಕೇಜಸ್’ ಅನ್ನುತ್ತದೆ. 32 ಬಿಟ್ ಸೇರಿಸಿದ್ದಾಯಿತು, ಆಟೋರಿಮೂವ್ ಮಾಡಿದ್ದಾಯಿತು, ಫಿಕ್ಸ್ ಬ್ರೋಕನ್ ಕೂಡ ಆಯಿತು. ಗೆಳೆಯರೊಬ್ಬರು ಡೆಬ್ ಫೈಲ್ (ಪ್ಯಾಕೇಜಿನ ಫೈಲು) ಇಳಿಸಿಕೊಂಡು ಫೋರ್ಸ್ ಮಾಡಿ ಹಾಕಿ ಅಂದರು. ಹಾಕಬಹುದಾ?

ಉತ್ತರ: ಬೇಡ, ದಯವಿಟ್ಟು ಹಾಕಬೇಡಿ. ಈಗ ನಿಮ್ಮ ಸಿಸ್ಟಮ್ ಕೆಟ್ಟಿಲ್ಲ. ಪ್ಯಾಕೇಜುಗಳನ್ನು ಹಾಕುವ ಆಪ್ಟ್ ‘ಇದು ಸರಿಹೋಗಲ್ಲ’ ಅಂತ ನಿಂತಿದೆ, ಅಷ್ಟೇ. ಫೋರ್ಸ್ ಮಾಡಿದ ಮೇಲೆ ಕೆಡುತ್ತದೆ. ಉತ್ತರ ಸ್ವಲ್ಪ ಉದ್ದವಿದೆ. ಕೊನೆಯಲ್ಲಿ ಅಪ್ಪನ ಫೈಲುಗಳ ಬಗ್ಗೆಯೇ ಒಂದು ಮಾತು ಹೇಳಿದ್ದೇನೆ, ಅಲ್ಲಿವರೆಗೆ ಓದಿಯೇ ಕೈ ಹಾಕಿ. ಕಮಾಂಡುಗಳನ್ನು ಓದುವ ಹಾಗೆ ಕನ್ನಡದಲ್ಲೇ ಬರೆಯುತ್ತೇನೆ, ಟರ್ಮಿನಲ್‌ನಲ್ಲಿ ನೀವು ಎಂದಿನಂತೆ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಹೊಡೆಯಿರಿ.

ಮೊದಲು ಆ ಕೊನೆಯ ಸಾಲಿನ ವಿಷಯ. ‘ಹೆಲ್ಡ್ ಬ್ರೋಕನ್ ಪ್ಯಾಕೇಜಸ್’ ಅಂದ ತಕ್ಷಣ ನಾವು ಎಲ್ಲೋ ಯಾವುದೋ ಪ್ಯಾಕೇಜನ್ನು ಹೋಲ್ಡ್‌ನಲ್ಲಿ ಇಟ್ಟುಬಿಟ್ಟಿದ್ದೇವೆ ಅಂದುಕೊಳ್ಳುತ್ತೇವೆ. ‘ಆಪ್ಟ್-ಮಾರ್ಕ್ ಶೋಹೋಲ್ಡ್’ ಕೊಟ್ಟು ನೋಡಿ. ಏನಾದರೂ ಹೆಸರು ಬಂದರೆ ಅದನ್ನು ‘ಅನ್‌ಹೋಲ್ಡ್’ ಮಾಡಬಹುದು. ಆದರೆ ನಿಮ್ಮಲ್ಲಿ ಏನೂ ಬರಲ್ಲ ಅನ್ನುವುದು ನನ್ನ ಅಂದಾಜು. ಆಪ್ಟ್ ತನಗೆ ದಾರಿ ಸಿಗದಿದ್ದಾಗಲೆಲ್ಲ ಇದೇ ವಾಕ್ಯ ಹೇಳುತ್ತದೆ. ಆ ವಾಕ್ಯ ನೋಡಿಕೊಂಡು ವೈನ್ ಮೇಲೆ ಕೈ ಮಾಡಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಗುತ್ತದೆ. ಜ್ವರ ಇರುವುದು ಬೇರೆ ಕಡೆ. ನಿಮ್ಮ ಪ್ರಶ್ನೆಯಲ್ಲೇ ಸುಳಿವು ಇದೆ: ‘ಒಂದು ಪಿಪಿಎ ಸೇರಿಸಿಕೊಂಡೆ’.

ಅದನ್ನು ಸುಮ್ನೆ ಊಹೆಯ ಮೇಲೆ ಹೇಳದೆ, ಆಪ್ಟ್ ಬಾಯಿಂದಲೇ ಹೇಳಿಸೋಣ. ಆಪ್ಟ್ ಒಂದೇ ಮಟ್ಟದ ಕಾರಣ ಹೇಳಿ ನಿಲ್ಲಿಸುತ್ತದೆ. ವೈನ್ ಯಾಕೆ ಹಾಕಲು ಆಗಲ್ಲ ಅಂತ ಕೇಳಿದರೆ ‘ಅದಕ್ಕೆ ವೈನ್32 ಬೇಕು, ಅದು ಬರಲ್ಲ’ ಅನ್ನುತ್ತದೆ. ಅದು ಯಾಕೆ ಬರಲ್ಲ ಅಂತ ಹೇಳಲ್ಲ. ಹಾಗಾಗಿ ಅದು ಯಾವ ಹೆಸರು ಹೇಳಿತೋ ಅದನ್ನೇ ಮುಂದಿನ ಸಲ ಕೇಳಬೇಕು. ‘ಸುಡೊ ಆಪ್ಟ್ ಇನ್‌ಸ್ಟಾಲ್ -ಎಸ್ ವೈನ್32:ಐ386’ ಅಂತ ಕೊಡಿ. ಐ386 ಅಂದರೆ 32 ಬಿಟ್ ರೂಪ. ಈ ‘-ಎಸ್’ ಹಾಕಿದರೆ ನಿಜವಾಗಿ ಏನನ್ನೂ ಹಾಕಲ್ಲ, ಹಾಕಿದರೆ ಏನಾಗುತ್ತದೆ ಅಂತ ತೋರಿಸುತ್ತದೆ, ಧೈರ್ಯವಾಗಿ ಎಷ್ಟು ಸಲ ಬೇಕಾದರೂ ಕೊಡಿ. ಈಗ ಅದು ಇನ್ನೊಂದು ಹೆಸರು ಹೇಳುತ್ತದೆ. ಈ ಥರದ ಸಮಸ್ಯೆಯಲ್ಲಿ ಸಾಮಾನ್ಯವಾಗಿ ಅದು ಲಿಬ್‌ಜಿಫೋಟೋ2-6:ಐ386 ಆಗಿರುತ್ತದೆ. ಕ್ಯಾಮೆರಾದಿಂದ ಫೋಟೋ ಇಳಿಸುವ ಲೈಬ್ರರಿ (ಬೇರೆ ಪ್ರೋಗ್ರಾಮುಗಳು ಬಳಸಿಕೊಳ್ಳುವ ಸಿದ್ಧ ಕೋಡ್) ಅದು. ವೈನ್‌ಗೂ ಕ್ಯಾಮೆರಾಗೂ ಏನು ಸಂಬಂಧ ಅನ್ನಿಸಬಹುದು. ವಿಂಡೋಸ್ ಪ್ರೋಗ್ರಾಮ್ ಯಾವುದಾದರೂ ಕ್ಯಾಮೆರಾ ಕೇಳಿದರೆ ಕೊಡಬೇಕಲ್ಲ, ಅದಕ್ಕೆ. ಅದನ್ನು ಕೇಳಿದರೆ ಲಿಬ್‌ಜಿಡಿ3:ಐ386 ಅನ್ನುತ್ತದೆ. ಚಿತ್ರ ಬರೆಯುವ ಲೈಬ್ರರಿ. ಅದನ್ನೇ ಕೇಳಿದಾಗ ಕೊನೆಗೆ ಬೇರೆ ಥರದ ಸಾಲು ಬರುತ್ತದೆ. ‘ಲಿಬ್‌ಜಿಡಿ3 : ಬ್ರೇಕ್ಸ್: ಲಿಬ್‌ಜಿಡಿ3:ಐ386 (!= 2.3.3...) ಬಟ್ 2.3.0 ಈಸ್ ಟು ಬಿ ಇನ್‌ಸ್ಟಾಲ್ಡ್’.

ಇದೇ ನಮಗೆ ಬೇಕಾಗಿದ್ದ ಸಾಲು. ಇದನ್ನು ನಿಧಾನವಾಗಿ ಓದಿ. ಒಂದೇ ಲೈಬ್ರರಿ, ಎರಡು ರೂಪ. ನಿಮ್ಮಲ್ಲಿ ಈಗಾಗಲೇ ಇರುವ 64 ಬಿಟ್ ರೂಪ 2.3.3. ವೈನ್‌ಗೆ ಬೇಕಾದ 32 ಬಿಟ್ ರೂಪ ಸಿಗುತ್ತಿರುವುದು 2.3.0. ‘ನಾವಿಬ್ಬರೂ ಒಂದೇ ಆವೃತ್ತಿ ಆಗಿದ್ದರೆ ಮಾತ್ರ ಜೊತೆಗಿರುತ್ತೇವೆ’ ಅನ್ನುವುದು ಇವುಗಳ ಷರತ್ತು. ಆ ಸಮವಲ್ಲದ ಚಿಹ್ನೆಯ ಅರ್ಥ ಅದೇ.

ಯಾಕೆ ಇಷ್ಟು ಕಟ್ಟುನಿಟ್ಟು ಅಂತ ಕೇಳಿದರೆ ಅದಕ್ಕೆ ಕಾರಣ ಇದೆ. 32 ಬಿಟ್ ಮತ್ತು 64 ಬಿಟ್ ಲೈಬ್ರರಿಗಳು ಒಂದೇ ಯಂತ್ರದಲ್ಲಿ ಅಕ್ಕಪಕ್ಕ ಇರಲಿ ಅಂತ ಮಲ್ಟಿಆರ್ಚ್ ಎಂಬ ವ್ಯವಸ್ಥೆ ಮಾಡಿದರು. ಉಬುಂಟುವಿಗೆ ಅದು 2011ರ 11.10ರ ಹೊತ್ತಿಗೆ ಬಂತು, ಡೆಬಿಯನ್‌ಗೆ 2013ರ ವೀಜಿಯಲ್ಲಿ. ಲೈಬ್ರರಿಯ ಮುಖ್ಯ ಫೈಲು ಬೇರೆ ಬೇರೆ ಫೋಲ್ಡರಿನಲ್ಲಿ ಕೂರುತ್ತದೆ, ತೊಂದರೆ ಇಲ್ಲ. ಆದರೆ ಅದರ ಜೊತೆ ಬರುವ ಚೇಂಜ್‌ಲಾಗ್, ಲೈಸೆನ್ಸ್ ಥರದ ಸಣ್ಣ ಫೈಲುಗಳು ಎರಡಕ್ಕೂ ಒಂದೇ ಜಾಗದಲ್ಲಿ, ಒಂದೇ ಹೆಸರಿನಲ್ಲಿ ಇರುತ್ತವೆ. ಅವು ಅಕ್ಷರ ಅಕ್ಷರ ಒಂದೇ ಆಗಿದ್ದರೆ ಮಾತ್ರ ಹಂಚಿಕೊಳ್ಳಬಹುದು. ಆವೃತ್ತಿ ಬೇರೆಯಾದರೆ ಆ ಫೈಲು ಯಾರದ್ದು ಅಂತ, ಆಪ್ಟ್ ಪರವಾಗಿ ಪ್ಯಾಕೇಜು ಬಿಚ್ಚಿ ಹಾಕುವ ಡಿಪಿಕೆಜಿಗೆ ತಿಳಿಯಲ್ಲ. ಹಾಗಾಗಿ ಆವೃತ್ತಿ ಒಂದೇ ಇರಲೇಬೇಕು ಅಂತ ನಿಯಮ.

ಈಗ 2.3.3 ಎಲ್ಲಿಂದ ಬಂತು? ಉಬುಂಟು 22.04 ಜೊತೆ ಬಂದಿದ್ದು 2.3.0. ‘ಆಪ್ಟ್ ಪಾಲಿಸಿ ಲಿಬ್‌ಜಿಡಿ3’ ಕೊಡಿ. ಮೂರು ನಕ್ಷತ್ರ ಇರುವ ಸಾಲು ಈಗ ನಿಮ್ಮಲ್ಲಿರುವ ಆವೃತ್ತಿ. ಅದರ ಕೆಳಗಿನ ಸಾಲಿನಲ್ಲಿ ಅದು ಎಲ್ಲಿಂದ ಬಂತು ಅಂತ ವಿಳಾಸ ಇರುತ್ತದೆ. ಅಲ್ಲಿ ಉಬುಂಟುವಿನ ವಿಳಾಸ ಇರಲ್ಲ, ನಿಮ್ಮ ಪಿಎಚ್‌ಪಿ ಪಿಪಿಎ ವಿಳಾಸ ಇರುತ್ತದೆ. ಇದೇ ಪ್ರಶ್ನೆಯನ್ನು ಲಿಬ್‌ಪಿಸಿಆರ್‌ಇ2-8-0 ಬಗ್ಗೆಯೂ ಕೇಳಿ. ಉಬುಂಟುವಿನದು 10.39. ನಿಮ್ಮಲ್ಲಿ ಅದಕ್ಕಿಂತ ಹೊಸತು ಇರುವ ಸಾಧ್ಯತೆ ಜಾಸ್ತಿ. ವೈನ್ ಜೊತೆ ಜಗಳ ಆಡುವುದು ಹೆಚ್ಚಾಗಿ ಈ ಎರಡೇ.

ನೀವು ಕೇಳಿದ್ದು ಪಿಎಚ್‌ಪಿ, ಆದರೆ ಪಿಪಿಎ ಕೊಟ್ಟಿದ್ದು ಪಿಎಚ್‌ಪಿ ಜೊತೆಗೆ ಅದರ ಪರಿವಾರವನ್ನೂ. ಇದು ಮೋಸ ಅಲ್ಲ, ತಪ್ಪೂ ಅಲ್ಲ. ಹೊಸ ಪಿಎಚ್‌ಪಿಗೆ ಹೊಸ ಲೈಬ್ರರಿಗಳಿದ್ದರೆ ಒಳ್ಳೆಯದು ಅಂತ ಅವರು ಜೊತೆಗೇ ಕಟ್ಟಿಟ್ಟಿರುತ್ತಾರೆ. ಪಿಪಿಎಗೂ ಉಬುಂಟುವಿಗೂ ಆಪ್ಟ್ ಲೆಕ್ಕದಲ್ಲಿ ಒಂದೇ ಅಂಕ, 500. ಅಂಕ ಸಮ ಆದಾಗ ಯಾರ ಆವೃತ್ತಿ ದೊಡ್ಡದೋ ಅದು ಗೆಲ್ಲುತ್ತದೆ. ಹಾಗಾಗಿ ನೀವು ಯಾವತ್ತೋ ಒಂದು ದಿನ ಮಾಮೂಲಿ ಅಪ್‌ಗ್ರೇಡ್ ಕೊಟ್ಟಾಗ ಇಡೀ ಡೆಸ್ಕ್‌ಟಾಪ್ ಬಳಸುವ ಲೈಬ್ರರಿಗಳೇ ಸದ್ದಿಲ್ಲದೆ ಬದಲಾಗಿವೆ. ಒಂದು ವರ್ಷ ಏನೂ ಗೊತ್ತಾಗಲಿಲ್ಲ, ಯಾಕೆಂದರೆ ಅಲ್ಲಿಯವರೆಗೆ 32 ಬಿಟ್ ಯಾರೂ ಕೇಳಿರಲಿಲ್ಲ.

ಆ ದಿನ ಯಾವುದು ಅಂತ ಬೇಕಾದರೆ ಹುಡುಕಬಹುದು. ವಾರ್ ಫೋಲ್ಡರಿನಲ್ಲಿ ಲಾಗ್, ಅದರೊಳಗೆ ಆಪ್ಟ್, ಅದರೊಳಗೆ ಹಿಸ್ಟರಿ ಡಾಟ್ ಲಾಗ್. ಹಳೆಯವು ಜಿಝಡ್ ಆಗಿ ಅಲ್ಲೇ ಇರುತ್ತವೆ, ‘ಝಡ್‌ಗ್ರೆಪ್ ಲಿಬ್‌ಜಿಡಿ3’ ಅಂತ ಹುಡುಕಿ. ತಾರೀಕು, ನೀವು ಹೊಡೆದ ಕಮಾಂಡು, ಅದರ ಕೆಳಗೆ ‘ಅಪ್‌ಗ್ರೇಡ್’ ಅಂತ ಬರೆದು ಪ್ರತಿ ಪ್ಯಾಕೇಜಿನ ಹಳೆ ಆವೃತ್ತಿ, ಅಲ್ಪವಿರಾಮ, ಹೊಸ ಆವೃತ್ತಿ. ಇಷ್ಟು ಪ್ರಾಮಾಣಿಕವಾದ ಡೈರಿ ನಿಮ್ಮ ಕಂಪ್ಯೂಟರಿನಲ್ಲಿ ಬೇರೆ ಯಾವುದೂ ಇಲ್ಲ. ಯಾರ ಮನೆಗೆ ಹೋಗಿ ಲಿನಕ್ಸ್ ಸರಿಮಾಡಬೇಕಾದರೂ ನಾನು ಮೊದಲು ತೆಗೆಯುವುದು ಇದನ್ನೇ, ಯಾಕೆಂದರೆ ‘ನಾನು ಏನೂ ಮಾಡಿಲ್ಲ’ ಅಂತ ಎಲ್ಲರೂ ನಿಜವಾಗಿಯೂ ನಂಬಿರುತ್ತಾರೆ, ಮೂರು ತಿಂಗಳ ಹಿಂದೆ ಮಾಡಿದ್ದು ಯಾರಿಗೆ ನೆನಪಿರುತ್ತದೆ ಹೇಳಿ.

ಪಿಪಿಎಯಲ್ಲೇ 32 ಬಿಟ್ 2.3.3 ಇದ್ದಿದ್ದರೆ ಈ ತೊಂದರೆ ಇರುತ್ತಿರಲಿಲ್ಲ, ಅಲ್ವಾ? ಹೌದು. ಆದರೆ 2019ರ ಜೂನ್‌ನಲ್ಲಿ ಉಬುಂಟುವಿನವರು 32 ಬಿಟ್ ಅನ್ನು ಪೂರ್ತಿ ಕೈಬಿಡುತ್ತೇವೆ ಅಂದರು. ವೈನ್, ಆಟಗಳ ಆ್ಯಪ್ ಸ್ಟೀಮ್ ಬಳಸುವವರು ಗಲಾಟೆ ಮಾಡಿದ ಮೇಲೆ ಮನಸ್ಸು ಬದಲಿಸಿ, ಆಯ್ದ ಕೆಲವು 32 ಬಿಟ್ ಲೈಬ್ರರಿಗಳನ್ನು ಮಾತ್ರ ಉಳಿಸಿಕೊಂಡರು. ಹೆಚ್ಚಿನ ಪಿಪಿಎಗಳಲ್ಲಿ ಈಗ 64 ಬಿಟ್ ಮಾತ್ರ ಸಿಗುತ್ತದೆ. ಹಾಗಾಗಿ ಒಂದು ಕಡೆ ಹೊಸತು, ಇನ್ನೊಂದು ಕಡೆ ಹಳತು.

ಇನ್ನು ಫೋರ್ಸ್ ಯಾಕೆ ಬೇಡ ಅಂತ ಹೇಳುತ್ತೇನೆ. ಪಿಸಿಆರ್‌ಇ2 ಲೈಬ್ರರಿಯನ್ನೇ ನೋಡಿ. ಸಣ್ಣದು, ಪಠ್ಯದಲ್ಲಿ ಮಾದರಿ ಹುಡುಕುವ ಕೆಲಸ ಅದರದ್ದು. ಅದರ ಮೇಲೆ ಭದ್ರತೆಗೆ ಸಂಬಂಧಿಸಿದ ಲಿಬ್‌ಸೆಲಿನಕ್ಸ್ ಲೈಬ್ರರಿ ನಿಂತಿದೆ. ಲಿಬ್‌ಸೆಲಿನಕ್ಸ್ ಮೇಲೆ ‘ಎಲ್ಎಸ್’, ‘ಸಿಪಿ’, ‘ಎಂವಿ’ ಥರದ ಮೂಲ ಕಮಾಂಡುಗಳು ನಿಂತಿವೆ, ಸಿಸ್ಟಮ್ ಶುರುಮಾಡುವ ಸಿಸ್ಟಮ್‌ಡಿ ಕೂಡ. ‘ಇದನ್ನು ತೆಗೆದು ಬೇರೆ ಹಾಕೋಣ’ ಅಂತ ಫೋರ್ಸ್ ಕೊಟ್ಟರೆ ಫೈಲುಗಳ ಪಟ್ಟಿ ನೋಡಲೂ ಆಗದ ಸ್ಥಿತಿ ಬರುತ್ತದೆ. ಆಪ್ಟ್ ತಾನಾಗಿ ಇದಕ್ಕೆ ಒಪ್ಪಲ್ಲ. ನಾವು ಒಪ್ಪಿಸುತ್ತೇವೆ.

ಒಂದು ಮುದ್ರಣಾಲಯದ ಕಂಪ್ಯೂಟರಿನಲ್ಲಿ ನಾನೇ ಒಮ್ಮೆ ಹೀಗೆ ಮಾಡಿದ್ದೆ. ಬೇರೆ ಲೈಬ್ರರಿ, ಇದೇ ಥರದ ಜಗಳ. ಫೋರ್ಸ್ ಹಾಕಿದೆ, ಆ ಕ್ಷಣಕ್ಕೆ ಪ್ರೋಗ್ರಾಮ್ ತೆರೆಯಿತು, ಎಲ್ಲರಿಗೂ ಸಮಾಧಾನ. ಹದಿನೈದು ದಿನ ಬಿಟ್ಟು ಮಾಮೂಲಿ ಅಪ್‌ಡೇಟ್ ಅರ್ಧಕ್ಕೆ ನಿಂತಿತು. ಮರುದಿನ ಬೆಳಗ್ಗೆ ಲಾಗಿನ್ ಬರಬೇಕಾದ ಜಾಗದಲ್ಲಿ ಕಪ್ಪು ಪರದೆ, ಎಡಗಡೆ ಮೂಲೆಯಲ್ಲಿ ಮಿಟುಕುವ ಒಂದು ಗೆರೆ. ಹೊರಗೆ ಲಗ್ನಪತ್ರಿಕೆ ತಗೊಳ್ಳಲು ಬಂದವರು ಕಾಯುತ್ತಿದ್ದಾರೆ. ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಪಠ್ಯದ ಪರದೆಗೆ ಹೋಗಿ, ಹಿಸ್ಟರಿ ಲಾಗ್ ನೋಡಿಕೊಂಡು ಒಂದೊಂದಾಗಿ ಹಿಂದಕ್ಕೆ ತರುವಷ್ಟರಲ್ಲಿ ಮಧ್ಯಾಹ್ನ ಆಯಿತು. ಕಾಯುತ್ತಿದ್ದ ಒಬ್ಬ ಹುಡುಗ ಪತ್ರಿಕೆ ಇಲ್ಲದೆ ವಾಪಸ್ ಹೋಗಿದ್ದು ನನಗೆ ಇವತ್ತಿಗೂ ಬೇಸರ.

ಇದು ನನಗೊಬ್ಬನಿಗೇ ಆಗಿದ್ದಲ್ಲ. 2021ರಲ್ಲಿ ಯೂಟ್ಯೂಬಿನ ಲೈನಸ್ ಸೆಬಾಸ್ಟಿಯನ್ ಪಾಪ್ ಓಎಸ್ ಎಂಬ ಲಿನಕ್ಸ್‌ನಲ್ಲಿ ಸ್ಟೀಮ್ ಹಾಕಲು ಹೋಗಿ, ಆಪ್ಟ್ ಕೊಟ್ಟ ದೊಡ್ಡ ಎಚ್ಚರಿಕೆಯನ್ನು ದಾಟಿ ‘ಯೆಸ್, ಡು ಆ್ಯಸ್ ಐ ಸೇ!’ ಅಂತ ಟೈಪ್ ಮಾಡಿದರು. ಡೆಸ್ಕ್‌ಟಾಪೇ ಅಳಿಸಿಹೋಯಿತು. ಅಲ್ಲೂ ಮೂಲದಲ್ಲಿದ್ದದ್ದು ಪ್ಯಾಕೇಜುಗಳ ಅವಲಂಬನೆಯ ಎಡವಟ್ಟೇ. ಆಮೇಲೆ ಆಪ್ಟ್ ಬರೆಯುವವರು ಆ ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿದರು. ಈಗ ಅಂಥ ಪ್ಯಾಕೇಜು ತೆಗೆಯಬೇಕಾದರೆ ಬೇರೆಯೇ ಆಯ್ಕೆಯನ್ನು ಬೇಕೆಂದೇ ಬರೆದು ಕೊಡಬೇಕು.

ಸರಿ, ಈಗ ಪರಿಹಾರಕ್ಕೆ ಬರೋಣ. ನಿಮ್ಮ ಮುಂದೆ ಎರಡು ದಾರಿ ಇದೆ, ಎರಡೂ ಒಳ್ಳೆಯದೇ. ನಿಮ್ಮ ಪರಿಸ್ಥಿತಿಗೆ ಯಾವುದು ಅನ್ನುವುದನ್ನು ನೇರವಾಗಿ ಹೇಳುತ್ತೇನೆ.

ನಿಮ್ಮ ಹೊಟ್ಟೆಪಾಡು ಪಿಎಚ್‌ಪಿ ಮೇಲೆ ಇದೆ. ವೈನ್ ಬೇಕಾಗಿರುವುದು ಒಂದು ಸಿಡಿಗೆ. ಹಾಗಿದ್ದಾಗ ನಡೆಯುತ್ತಿರುವ ಕೆಲಸವನ್ನು ಈ ವಾರ ಅಲ್ಲಾಡಿಸಬೇಡಿ. ಫ್ಲಾಟ್‌ಪ್ಯಾಕ್ ಹಾಕಿಕೊಳ್ಳಿ, ಅದರ ಆ್ಯಪ್‌ಗಳು ಸಿಗುವ ಫ್ಲಾಟ್‌ಹಬ್ ಸೇರಿಸಿ, ಅದರಿಂದ ಬಾಟಲ್ಸ್ ಅನ್ನುವ ಆ್ಯಪ್ ಹಾಕಿ. ಅದರೊಳಗೆ ವೈನ್ ಇರುತ್ತದೆ. ಫ್ಲಾಟ್‌ಪ್ಯಾಕ್ ತನಗೆ ಬೇಕಾದ ಲೈಬ್ರರಿಗಳನ್ನು, 32 ಬಿಟ್ ಸೇರಿ, ತಾನೇ ತಂದುಕೊಂಡು ಬೇರೆ ಕೋಣೆಯಲ್ಲಿ ಇಟ್ಟುಕೊಳ್ಳುತ್ತದೆ. ನಿಮ್ಮ ಲಿಬ್‌ಜಿಡಿ3 ಯಾವ ಆವೃತ್ತಿ ಅಂತ ಅದು ಕೇಳುವುದೇ ಇಲ್ಲ. ಡೌನ್‌ಲೋಡ್ ದೊಡ್ಡದು, ಡಿಸ್ಕ್ ಜಾಗ ಜಾಸ್ತಿ ತಿನ್ನುತ್ತದೆ. ಮೊಬೈಲ್ ಡೇಟಾದಲ್ಲಿ ಮಾಡಬೇಡಿ. ಸಿಡಿಯ ಫೈಲುಗಳನ್ನು ಮೊದಲು ಹೋಮ್ ಫೋಲ್ಡರಿಗೆ ನಕಲು ಮಾಡಿಕೊಂಡು, ಬಾಟಲ್ಸ್‌ಗೆ ಆ ಫೋಲ್ಡರ್ ನೋಡಲು ಅನುಮತಿ ಕೊಡಿ, ಇಲ್ಲದಿದ್ದರೆ ‘ಫೈಲೇ ಕಾಣಿಸುತ್ತಿಲ್ಲ’ ಅನ್ನುವ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ.

ಇನ್ನೊಂದು ದಾರಿ, ಡೆಸ್ಕ್‌ಟಾಪನ್ನು ಉಬುಂಟುವಿನ ಮೂಲ ಲೈಬ್ರರಿಗಳಿಗೆ ವಾಪಸ್ ತರುವುದು. ಕೆಲಸ ಬಿಡುವಿದ್ದಾಗ ಇದನ್ನು ಮಾಡಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಇವತ್ತು ವೈನ್ ಜೊತೆ ಜಗಳ, ನಾಳೆ ಸ್ಟೀಮ್, ನಾಡಿದ್ದು 24.04ಕ್ಕೆ ಅಪ್‌ಗ್ರೇಡ್ ಮಾಡುವಾಗ. ಆ ಅಪ್‌ಗ್ರೇಡ್ ಹೊರಗಿನ ಪಿಪಿಎಗಳನ್ನು ನಿಲ್ಲಿಸುತ್ತದೆ, ಆದರೆ ಅವುಗಳಿಂದ ಬಂದ ಪ್ಯಾಕೇಜುಗಳು ಹಾಗೇ ಕೂತಿರುತ್ತವೆ. ಅಲ್ಲೇ ತೊಂದರೆ ಶುರು.

ಇದಕ್ಕೆ ‘ಪಿಪಿಎ-ಪರ್ಜ್’ ಅನ್ನುವ ಸಣ್ಣ ಸಾಧನ ಇದೆ. ಸುಡೊ ಆಪ್ಟ್ ಇನ್‌ಸ್ಟಾಲ್ ಮಾಡಿ ಹಾಕಿಕೊಳ್ಳಿ. ಅದಕ್ಕೆ ಮೊದಲು ಇಟಿಸಿ ಫೋಲ್ಡರಿನಲ್ಲಿರುವ ಪಿಎಚ್‌ಪಿ ಮತ್ತು ಆಪ್ಟ್ ಫೋಲ್ಡರುಗಳನ್ನು ಹೋಮ್‌ಗೆ ನಕಲು ಮಾಡಿ. ಡೇಟಾಬೇಸ್‌ನ ಡಂಪ್ ತೆಗೆದಿಡಿ. ಟೈಮ್‌ಶಿಫ್ಟ್ (ಸಿಸ್ಟಮ್ ಬ್ಯಾಕಪ್ ಸಾಧನ) ಇದ್ದರೆ ಒಂದು ಸ್ನ್ಯಾಪ್‌ಶಾಟ್ ಕೂಡ. ಆಮೇಲೆ ‘ಸುಡೊ ಪಿಪಿಎ-ಪರ್ಜ್’ ಬರೆದು ಮುಂದೆ ನಿಮ್ಮ ಪಿಪಿಎ ಹೆಸರು ಕೊಡಿ. ಬರೀ ಪಿಪಿಎ ತೆಗೆದರೆ ಸಾಲದು ಅನ್ನುವುದನ್ನು ಇಲ್ಲಿ ಗಮನಿಸಿ. ತುಂಬಾ ಜನ ಸೆಟ್ಟಿಂಗ್ಸ್‌ನಲ್ಲಿ ಟಿಕ್ ತೆಗೆದು ‘ಆದರೂ ಸರಿಹೋಗಿಲ್ಲ’ ಅನ್ನುತ್ತಾರೆ. ಟಿಕ್ ತೆಗೆದರೆ ಮುಂದೆ ಹೊಸತು ಬರಲ್ಲ, ಆದರೆ ಬಂದಿದ್ದು ಹಾಗೇ ಇರುತ್ತದೆ, ಯಾಕೆಂದರೆ ಆಪ್ಟ್ ತಾನಾಗಿ ಯಾವತ್ತೂ ಹಿಂದಿನ ಆವೃತ್ತಿಗೆ ಇಳಿಯಲ್ಲ. ಪಿಪಿಎ-ಪರ್ಜ್ ಇಳಿಸುತ್ತದೆ. ಅದು ಒಂದು ಪಟ್ಟಿ ತೋರಿಸುತ್ತದೆ, ಯಾವುದು ಇಳಿಯುತ್ತದೆ, ಯಾವುದು ಹೋಗುತ್ತದೆ ಅಂತ. ವೈ ಒತ್ತುವ ಮೊದಲು ಆ ಪಟ್ಟಿಯನ್ನು ಪೂರ್ತಿ ಓದಿ. ಪಿಎಚ್‌ಪಿ 8.2 ಹೋಗುವುದು ಸರಿ. ‘ಉಬುಂಟು-ಡೆಸ್ಕ್‌ಟಾಪ್’, ‘ಜಿಡಿಎಂ3’, ‘ನೆಟ್‌ವರ್ಕ್-ಮ್ಯಾನೇಜರ್’ ಥರದ ಹೆಸರು ಹೋಗುವ ಪಟ್ಟಿಯಲ್ಲಿ ಕಂಡರೆ ಎನ್ ಒತ್ತಿ ಹೊರಗೆ ಬನ್ನಿ, ಪಟ್ಟಿಯನ್ನು ನನಗೆ ಕಳಿಸಿ.

ಎಲ್ಲಾ ಆದ ಮೇಲೆ ‘ಆಪ್ಟ್ ಪಾಲಿಸಿ ಲಿಬ್‌ಜಿಡಿ3’ ಮತ್ತೆ ಕೊಡಿ. ನಕ್ಷತ್ರ ಈಗ 2.3.0 ಮುಂದೆ ಇರಬೇಕು. ‘ಆಪ್ಟ್ ಲಿಸ್ಟ್’ ಮುಂದೆ ಉದ್ಧರಣ ಚಿಹ್ನೆಯೊಳಗೆ ‘?ಅಬ್ಸೊಲೀಟ್’ ಅಂತ ಕೊಟ್ಟರೆ ಈಗ ಯಾವ ಮೂಲಕ್ಕೂ ಸೇರದ ಅನಾಥ ಪ್ಯಾಕೇಜುಗಳು ಕಾಣುತ್ತವೆ. ನೀವೇ ಡೆಬ್ ಇಳಿಸಿ ಹಾಕಿದ್ದೂ ಅದರಲ್ಲಿ ಬರಬಹುದು, ಅದಕ್ಕೆ ಗಾಬರಿ ಬೇಡ. ಇಷ್ಟಾದರೆ ವೈನ್ ಸಲೀಸಾಗಿ ಕೂರುತ್ತದೆ.

ಹಾಗಾದರೆ ಪಿಎಚ್‌ಪಿ 8.2? ಅದನ್ನು ಕಂಟೇನರಿನಲ್ಲಿ, ಅಂದರೆ ಡೆಸ್ಕ್‌ಟಾಪಿನಿಂದ ಬೇರೆಯಾದ ಪೆಟ್ಟಿಗೆಯಲ್ಲಿ, ಇಡಿ. ಡಾಕರ್ ಬಳಸುತ್ತಿದ್ದರೆ ಪಿಎಚ್‌ಪಿಯ ಇಮೇಜ್ ಸಿದ್ಧ ಇದೆ. ಡಾಕರ್ ಕಷ್ಟ ಅನ್ನಿಸಿದರೆ ಡಿಸ್ಟ್ರೋಬಾಕ್ಸ್ ನೋಡಿ, ಅದರೊಳಗೆ ಒಂದು ಉಬುಂಟು ಇಟ್ಟು ಅಲ್ಲಿ ಬೇಕಾದ ಪಿಪಿಎ ಸೇರಿಸಿಕೊಳ್ಳಿ, ಅಲ್ಲಿ ಏನೇ ಕೆಟ್ಟರೂ ಆ ಪೆಟ್ಟಿಗೆ ಎಸೆದು ಹೊಸದು ಮಾಡಿದರಾಯಿತು, ಡೆಸ್ಕ್‌ಟಾಪಿಗೆ ಏನೂ ಆಗಲ್ಲ. 22.04ರ ಸ್ವಂತ ಪಿಎಚ್‌ಪಿ 8.1, 24.04ರದ್ದು 8.3. ನಿಮ್ಮ ಕೋಡ್ 8.3ರಲ್ಲಿ ಓಡುತ್ತದೆ ಅಂತಾದರೆ ಪರ್ಜ್ ಮಾಡಿ ಅಪ್‌ಗ್ರೇಡ್ ಆಗಿಬಿಡಿ, ಪಿಪಿಎ ಸಹವಾಸವೇ ಬೇಡ.

ಇದೇ ಸಂದರ್ಭದಲ್ಲಿ, ಬೇರೆ ಓದುಗರೂ ಪದೇ ಪದೇ ಕೇಳುವ ಎರಡು ಜಗಳಗಳ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ‘ಟ್ರೈಯಿಂಗ್ ಟು ಓವರ್‌ರೈಟ್’ ಅಂತ ಬಂದರೆ ಎರಡು ಪ್ಯಾಕೇಜು ಒಂದೇ ಫೈಲಿಗೆ ಕೈ ಹಾಕಿವೆ ಅಂತ ಅರ್ಥ. ‘ಡಿಪಿಕೆಜಿ -ಎಸ್’ ಕೊಟ್ಟು, ಇಲ್ಲಿ ಮಾತ್ರ ದೊಡ್ಡ ಎಸ್, ಮುಂದೆ ಆ ಫೈಲಿನ ದಾರಿ ಬರೆದರೆ ಮಾಲೀಕ ಯಾರು ಅಂತ ತಿಳಿಯುತ್ತದೆ. ಬೇಡದ ಮಾಲೀಕನನ್ನು ತೆಗೆದು ಆಮೇಲೆ ಇನ್ನೊಂದನ್ನು ಹಾಕಿ. ಇನ್ನೊಂದು, 24.04ರಲ್ಲಿ ‘ಲಿಬ್‌ಅಸೌಂಡ್2 ಸಿಗುತ್ತಿಲ್ಲ’ ಅನ್ನುವುದು. ಅದು ಹೋಗಿಲ್ಲ, ಹೆಸರು ಬದಲಾಗಿದೆ, ಕೊನೆಗೆ ‘ಟಿ64’ ಸೇರಿದೆ. 2038ರ ಜನವರಿ 19ಕ್ಕೆ 32 ಬಿಟ್ ಗಡಿಯಾರದ ಲೆಕ್ಕ ಮುಗಿಯುತ್ತದೆ, ಅದಕ್ಕೆ ಸಮಯವನ್ನು 64 ಬಿಟ್‌ಗೆ ಹಿಗ್ಗಿಸುವ ಕೆಲಸದಲ್ಲಿ ನೂರಾರು ಲೈಬ್ರರಿಗಳಿಗೆ ಈ ಬಾಲ ಬಂತು. ಹೊಸ ಹೆಸರಿನಲ್ಲಿ ಹಾಕಿದರೆ ಬರುತ್ತದೆ.

ಈಗ ಅಪ್ಪನ ಸಿಡಿ. ಬಾಟಲ್ಸ್‌ಗೂ ಮೊದಲು ಇದನ್ನು ಮಾಡಿ ನೋಡಿ. ಸಿಡಿಯಲ್ಲಿ ಫೈಲುಗಳ ಕೊನೆ ಅಕ್ಷರ ನೋಡಿ. ಡಾಕ್ ಅಥವಾ ಆರ್‌ಟಿಎಫ್ ಆಗಿದ್ದರೆ ನಿಮಗೆ ವೈನೇ ಬೇಡ. ಹಳೇ ನುಡಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳ ಸಂಕೇತದಲ್ಲಿ ಇಟ್ಟು, ಫಾಂಟ್ ಮೂಲಕ ಕನ್ನಡವಾಗಿ ತೋರಿಸುತ್ತದೆ. ಹಾಗಾಗಿ ನಿಮಗೆ ಬೇಕಾಗಿರುವುದು ಆ ಫಾಂಟ್ ಮಾತ್ರ. ಸಿಡಿಯಲ್ಲೇ ‘ನುಡಿ 01 ಇ’ ಥರದ ಹೆಸರಿನ ಟಿಟಿಎಫ್ ಫೈಲುಗಳು ಇರುವ ಸಾಧ್ಯತೆ ಇದೆ. ಹೋಮ್ ಒಳಗೆ ಡಾಟ್ ಲೋಕಲ್, ಅದರಲ್ಲಿ ಶೇರ್, ಅದರಲ್ಲಿ ಫಾಂಟ್ಸ್ ಅಂತ ಫೋಲ್ಡರ್ ಮಾಡಿ ಅವನ್ನು ಹಾಕಿ, ‘ಎಫ್‌ಸಿ-ಕ್ಯಾಶ್ -ಎಫ್’ ಕೊಡಿ, ಲಿಬ್ರೆಆಫೀಸ್‌ನಲ್ಲಿ ಫೈಲ್ ತೆರೆಯಿರಿ. ಗೀಚಿದ ಹಾಗಿದ್ದ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಅಪ್ಪನ ಕನ್ನಡ ಕಾಣಬೇಕು.

ಕಂಡರೆ ಅಲ್ಲಿಗೇ ಬಿಡಬೇಡಿ. ಆ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಅದಕ್ಕೆ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರಗಳನ್ನು, ಅದರಲ್ಲೂ ಅರ್ಕಾವತ್ತು ಬಂದ ಕಡೆಯೆಲ್ಲ, ಕಣ್ಣಿಟ್ಟು ಓದಿ, ‘ಸೂರ್ಯ’, ‘ಕಾರ್ಯ’ ಥರದ ಪದಗಳು ತಪ್ಪುವುದು ಅಲ್ಲೇ. ಮುಂದೆ ಲಿನಕ್ಸ್‌ನಲ್ಲೇ ತಿದ್ದಬೇಕಾದರೆ ಭಾಷೆಗಳ ಟೈಪಿಂಗ್ ಸಾಧನ ಐಬಸ್ ಜೊತೆ ಎಂ17ಎನ್ ಹಾಕಿಕೊಂಡು ಅದರಲ್ಲಿ ಕೆಜಿಪಿ ವಿನ್ಯಾಸ ಆರಿಸಿ. ನುಡಿಯಲ್ಲಿ ಕೈ ಪಳಗಿದ ಅಪ್ಪನಿಗೆ ಅದೇ ಕೀಲಿಗಳು ಸಿಗುತ್ತವೆ. ಫೈಲಿನ ಕೊನೆ ಅಕ್ಷರ ಬೇರೆ ಏನಾದರೂ ಇದ್ದರೆ, ಅಥವಾ ಫಾಂಟ್ ಹಾಕಿದ ಮೇಲೂ ಓದಲು ಬರದಿದ್ದರೆ ಮಾತ್ರ ಬಾಟಲ್ಸ್ ಕಡೆ ಹೋಗಿ. ಆಗ ಆಪ್ಟ್ ಏನು ಹೇಳಿತು, ಪಾಲಿಸಿ ಏನು ತೋರಿಸಿತು ಅನ್ನುವುದನ್ನು ಪೂರ್ತಿ ನಕಲು ಮಾಡಿ ಕಳಿಸಿ, ಮುಂದಿನದು ನೋಡೋಣ.